ಎರಡರಿಂದ ನಾಲ್ಕರ ಪಾಳಿ

ನನ್ನ ಚಿಕ್ಕಪ್ಪನ ಮಗ ಉಮೇಶ ಆ ರಾತ್ರಿ ಬೆಳಂಬಾರದ ಭಜನಾ ಮನೆಯಿಂದ ತನ್ನ ಮನೆಗೆ ಹೋಗುತ್ತಿದ್ದ. ಎರಡು ಗಂಟೆ ದಾಟಿತ್ತು. ಕಾರ್ತಿಕದ ಕತ್ತಲೆ... ಗದ್ದೆಯ ಬದುವಿನ ಮೇಲೆ ಬ್ಯಾಟರಿ ಹಿಡಿದು ಒಬ್ಬನೇ. ಹಿಂದೆ ಭಜನಾ ಮನೆಯಲ್ಲಿ ಪೇಟಿ ನುಡಿಯುತ್ತಿತ್ತು. ಮುಂದೆ ಕೇರಿಯ ಹಳೆಯ ಬಾವಿ.

ಆ ಹೊತ್ತಿಗೆ ಪೇಟಿಯ ಮುಂದೆ ಕೂತಿರಬೇಕಾದವನು ಉಮೇಶನೇ. ಅದನ್ನು ಮೊದಲು ಹೇಳುತ್ತೇನೆ.

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಕಾರ್ತಿಕದಲ್ಲಿ ನಮ್ಮ ಕೇರಿಯಲ್ಲಿ ಸಪ್ತಾಹ. ಏಳು ಹಗಲು, ಏಳು ರಾತ್ರಿ ಭಜನೆ ಕಡಿಯಬಾರದು. ಪೇಟಿಯ ಮುಚ್ಚಳವನ್ನೂ ಏಳು ದಿನ ಹಾಕುವುದಿಲ್ಲ. ಒಂದು ಪಾಳಿಯವರು ಎದ್ದ ಕೂಡಲೇ ಇನ್ನೊಂದು ಪಾಳಿಯವರು ಕೂರುತ್ತಾರೆ. ರಾತ್ರಿ ಎರಡರಿಂದ ನಾಲ್ಕರ ಪಾಳಿ ಯಾರಿಗೂ ಬೇಡ. ಅದನ್ನು ಮೂವತ್ತೊಂದು ವರ್ಷ ನಡೆಸಿದವರು ಮಾದೇವ ಮಾಸ್ತರರು. ಹಾಡುವವರಿಲ್ಲ, ತಾಳದವರಿಲ್ಲ. ಬರೀ ಪೇಟಿ, ಅವರೊಬ್ಬರೇ. ಗಾಳಿಗೆ ದೀಪ ಆರದಂತೆ ಬಾಗಿಲು ಓರೆ ಮಾಡಿ ಕೂರುತ್ತಿದ್ದರು. ಕೇರಿಯವರೆಲ್ಲ ಮಲಗಿದಲ್ಲೇ ಎಚ್ಚರವಿದ್ದು ಕೇಳುತ್ತಿದ್ದರು. ನಾನು ಮದುವೆಯಾಗಿ ನಾಗಪುರಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಊರಿನದು ನನಗೆ ಏನಾದರೂ ನೆನಪಾದರೆ ಮೊದಲು ಆ ಪೇಟಿ.

ಅವರ ಪೇಟಿಯ ಒಂದು ಪಟ್ಟಿ ಸಡಿಲವಾಗಿತ್ತು. ಬೆರಳಿಟ್ಟಾಗ ಸ್ವರಕ್ಕೆ ಮೊದಲು ಟಿಕ್ ಎನ್ನುತ್ತಿತ್ತು. ಗಾಳಿ ಊದುವ ತಿದಿ ಹುಸ್... ಹಸ್... ಎಂದು ಉಸಿರಾಡುತ್ತಿತ್ತು. ಕಣ್ಣು ಮುಚ್ಚಿದರೂ ಅವರೇ ಎಂದು ತಿಳಿಯುತ್ತಿತ್ತು.

ಹೋದ ವರ್ಷ ಸಪ್ತಾಹಕ್ಕೆ ಹೋದಾಗ ಕಂಬಕ್ಕೆ ಒರಗಿ ಕೂತು ಪೂರ್ತಿ ಪಾಳಿಯನ್ನು ನನ್ನ ಮೊಬೈಲಿನಲ್ಲಿ ತುಂಬಿಸಿಕೊಂಡೆ. ಅವರನ್ನು ಕೇಳಿಯೇ ತುಂಬಿಸಿದ್ದು. ಮಾಸ್ತರರು ಒಪ್ಪಿದ್ದು ಒಂದು ಮಾತಿನ ಮೇಲೆ.

"ನಿನ್ನ ಕಿವಿಗೆ ಮಾತ್ರ ಯಶೋದಾ. ಬೇರೆ ಯಾರಿಗೂ ಕೊಡೂದು ಬೇಡ."

ಹ್ಞೂಂ ಅಂದೆ.

ಈ ಜ್ಯೇಷ್ಠದಲ್ಲಿ ಅವರು ತೀರಿಕೊಂಡರು. ಕಾರವಾರದ ಆಸ್ಪತ್ರೆಯಲ್ಲಿ ಉಮೇಶನ ಕೈ ಹಿಡಿದು, ಎರಡರಿಂದ ನಾಲ್ಕು ಇನ್ನು ನಿನ್ನದು ಎಂದಿದ್ದರಂತೆ. ಇಪ್ಪತ್ತು ವರ್ಷ ಅವರ ಹತ್ತಿರ ಕಲಿತವನು ಅವನೊಬ್ಬನೇ. ಆಗಲಿ ಎಂದು ಮಾತು ಕೊಟ್ಟಿದ್ದ.

ಸಪ್ತಾಹಕ್ಕೆ ವಾರವಿರುವಾಗ ಅವನ ಫೋನು ಬಂತು. ಅಳುತ್ತಿದ್ದ. ಮಾಸ್ತರರನ್ನು ಒಮ್ಮೆ ಕೇಳಬೇಕು, ನೀನು ತುಂಬಿಸಿಕೊಂಡದ್ದನ್ನು ಕಳಿಸು ಅಂದ. ತಮ್ಮ ಅಲ್ಲವೇ... ಕಳಿಸಿದೆ.

ಅವನು ಮಾಡಿದ್ದು ಇದು. ಎರಡು ಗಂಟೆಗೆ ಹಿಂದಿನ ಪಾಳಿಯವರನ್ನು ಕಳಿಸುವುದು. ಬಾಗಿಲು ಓರೆ ಮಾಡುವುದು. ಪೇಟಿಯ ಹಿಂದೆ ಚಿಕ್ಕ ಸ್ಪೀಕರು ಇಟ್ಟು, ಮೊಬೈಲಿನಲ್ಲಿ ಮಾಸ್ತರರನ್ನು ಹಚ್ಚಿ, ಮನೆಗೆ ಹೋಗಿ ಮಲಗುವುದು. ನಾಲ್ಕಕ್ಕೆ ಸ್ವಲ್ಪ ಮೊದಲು ಬಂದು ಪೇಟಿಯ ಮುಂದೆ ಕೂರುವುದು. ನಾಲ್ಕರ ಪಾಳಿಯ ಹೆಂಗಸರು ಬಂದಾಗ ಅವನು ಬೆವರು ಒರೆಸಿಕೊಳ್ಳುತ್ತಿದ್ದನಂತೆ.

ನಿದ್ದೆಯ ಆಸೆಗಲ್ಲ. ಹೆದರಿಕೆಗೆ. ಕೇರಿಗೆ ಕೇರಿಯೇ ಎದ್ದು ಕೇಳುವ ಹೊತ್ತು ಅದು. ಮಾಸ್ತರರ ಜಾಗದಲ್ಲಿ ತನ್ನ ಬೆರಳು ಕೇಳಿ ಜನ ನಕ್ಕರೆ ಎಂದು. ಜನ ನಗಲಿಲ್ಲ. ಥೇಟ್ ಮಾಸ್ತರರ ಕೈ ಎಂದರು. ನಾಗಿ ಎಂಬ ಮುದುಕಿ ಅವನ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡಳಂತೆ. ನಾಲ್ಕು ದಿನ... ಅವನು ಬೆರಳು ಚಾಚಿ ನಿಂತ.

ಐದನೆಯ ರಾತ್ರಿಯೇ ನಾನು ಮೊದಲು ಹೇಳಿದ್ದು.

ಬಾವಿ ಹತ್ತಿರವಾಯಿತು. ಹಿಂದೆ ಪೇಟಿ ಮೇಲಿನ ಸ್ವರಕ್ಕೆ ಏರುತ್ತಿತ್ತು. ಏರಿ... ಅಲ್ಲೇ ನಿಂತಿತು.

ಸ್ವರ ನಿಂತಿತು. ತಿದಿ ನಿಲ್ಲಲಿಲ್ಲ. ಹುಸ್... ಹಸ್...

ಮೊಬೈಲು ಕೆಟ್ಟಿತು, ಸಪ್ತಾಹ ಕಡಿಯಿತು ಎಂದು ಅವನು ತಿರುಗಿದ. ಆಗ ತಿಳಿಯಿತು, ಉಸಿರು ಬರುತ್ತಿರುವುದು ಭಜನಾ ಮನೆಯಿಂದಲ್ಲ. ಬಾವಿಯ ಕಟ್ಟೆಯಿಂದ.

ಟಿಕ್.

ಬ್ಯಾಟರಿ ಹಾಯಿಸುವ ಧೈರ್ಯವಾಗಲಿಲ್ಲ.

"ಉಮೇಶಾ." ಪಿಸುಮಾತು.

"ಹ್ಞಾಂ..."

"ಯಾರ ಪಾಳಿ ಇದು?"

"ನಂದು ಮಾಸ್ತರ."

"ಮತ್ತೆ ಅಲ್ಲಿ ಕೂತವರು ಯಾರು?"

ಉಮೇಶ ಭಜನಾ ಮನೆಯ ದೀಪದ ಕಡೆ ನೋಡಿದ.

"ನೀವು."

"ಐದು ತಿಂಗಳಾಯ್ತು ನಾನು ಸತ್ತು. ಎದ್ದು ಹೋಗೂಕೂ ಬಿಡೂದಿಲ್ಲ ಅಲ್ಲ ನೀನು?"

ಮತ್ತೆ ಟಿಕ್. ಆಮೇಲೆ ಕಪ್ಪೆಯ ಸದ್ದು, ಸಮುದ್ರದ ಸದ್ದು, ಅಷ್ಟೇ.

ಉಮೇಶ ಓಡಿದ. ಚಪ್ಪಲಿ ಗದ್ದೆಯಲ್ಲೇ ಉಳಿಯಿತು. ಭಜನಾ ಮನೆಯಲ್ಲಿ ದೀಪ ನೆಟ್ಟಗೆ ಉರಿಯುತ್ತಿತ್ತು. ಮೊಬೈಲು ಕೆಟ್ಟಿರಲಿಲ್ಲ. ಪರದೆಯ ಮೇಲೆ ಗೀಟು ಸರಿಯುತ್ತಿತ್ತು, ನಿಮಿಷ ಏರುತ್ತಿತ್ತು. ಸ್ಪೀಕರಿನಿಂದ ಬರುತ್ತಿದ್ದುದು ಬರೀ ತಿದಿಯ ಉಸಿರು. ಅವನು ಅದನ್ನು ಆರಿಸಿ, ಪೇಟಿಯ ಮುಂದೆ ಕೂತು, ನಾಲ್ಕರವರೆಗೆ ತಾನೇ ನುಡಿಸಿದ. ಬೆರಳು ಒಂದು ಸ್ವರಕ್ಕೆ ಹೋದರೆ ಬೀಳುತ್ತಿದ್ದುದು ಇನ್ನೊಂದರ ಮೇಲೆ. ಕೇರಿಯೆಲ್ಲ ಕೇಳಿತು. ನಾಲ್ಕಕ್ಕೆ ಬಂದ ನಾಗಿ ಅವನನ್ನೇ ದಿಟ್ಟಿಸಿದಳಂತೆ.

"ಇವತ್ತು ನೀನೇ ಕೂತದ್ದನಾ ಮಗಾ?"

ಬೈಗುಳವಲ್ಲ. ಅವಳಿಗೆ ನಾಲ್ಕು ದಿನವೂ ಗೊತ್ತಿತ್ತೋ ಏನೋ, ಉಮೇಶನಿಗೆ ಇವತ್ತಿಗೂ ತಿಳಿದಿಲ್ಲ. ಉಳಿದ ಎರಡು ರಾತ್ರಿ ಅವನೇ ನುಡಿಸಿದ. ಯಾರೂ ಹೊಗಳಲಿಲ್ಲ.

ಇದನ್ನೆಲ್ಲ ಸಪ್ತಾಹ ಮುಗಿದ ಮಾರನೆಯ ದಿನ ಅವನೇ ನನಗೆ ಫೋನಿನಲ್ಲಿ ಹೇಳಿದ್ದು. ತಪ್ಪಾಯ್ತು ಅಕ್ಕಾ ಎಂದ. ನಾನು ಫೋನು ಇಟ್ಟೆ. ನಂಬಿ ಕೊಟ್ಟದ್ದನ್ನು ಹೀಗೆ ಮಾಡಿದನಲ್ಲ ಎಂದು ಮೈಯೆಲ್ಲ ಉರಿಯಿತು. ಅವನ ಮೊಬೈಲಿನದು ಹೋದರೆ ಹೋಗಲಿ, ನನ್ನದು ನನ್ನ ಹತ್ತಿರ ಇದೆಯಲ್ಲ ಎಂದುಕೊಂಡೆ. ಮಾಸ್ತರರಿಗೆ ನನ್ನ ಮೇಲೆ ಏನು ಸಿಟ್ಟು? ನಾನು ಕೇಳಿದವಳು, ಅಷ್ಟೇ. ಕೊಡಬೇಡ ಎಂದದ್ದನ್ನು ಕೊಟ್ಟವಳೂ ನಾನೇ ಎಂಬುದು ಆಗ ನನ್ನ ಬಾಯಿಗೆ ಬರಲಿಲ್ಲ.

ರಾತ್ರಿ ಬಾಗಿಲು ಹಾಕಿಕೊಂಡು ಹಚ್ಚಿದೆ.

ಎಲ್ಲ ಇದೆ. ಕಂಬಕ್ಕೆ ತಾಗಿದ ನನ್ನ ಬಳೆಯ ಸದ್ದು ಇದೆ. ದೂರದ ನಾಯಿ ಇದೆ. ನಾನು ಕೆಮ್ಮಿದ್ದು ಇದೆ. ತಿದಿ ಉಸಿರಾಡುತ್ತದೆ. ಟಿಕ್ ಎನ್ನಬೇಕಾದಲ್ಲಿ ಟಿಕ್ ಎನ್ನುತ್ತದೆ. ಆಮೇಲೆ ಬರಬೇಕಾದ ಸ್ವರ ಇಲ್ಲ. ಎರಡು ತಾಸಿನಲ್ಲಿ ಒಂದೇ ಒಂದು ಸ್ವರ ಇಲ್ಲ. ನನಗೂ ಹೀಗೆ ಮಾಡಿದಿರಲ್ಲ ಮಾಸ್ತರ ಎಂದು ಅತ್ತೆ.

ಮೊಬೈಲು ಅಂಗಡಿಯವನಿಗೆ ತೋರಿಸಿದೆ. ಏನೂ ಕೆಟ್ಟಿಲ್ಲ ಅಮ್ಮಾ ಎಂದ. ನಂಬದಿದ್ದರೆ ನಾಗಪುರಕ್ಕೆ ಬನ್ನಿ, ನಾನೇ ಕೇಳಿಸುತ್ತೇನೆ. ಕೊನೆಯವರೆಗೂ ಕೂತು ಕೇಳಬೇಕು. ಹೋದ ವರ್ಷ ನಾಲ್ಕಾದಾಗ ಮಾಸ್ತರರು ಪೇಟಿಯನ್ನು ತೆರೆದಿಟ್ಟೇ ಎದ್ದಿದ್ದರು. ಅದನ್ನು ಈ ಕಣ್ಣಿನಿಂದ ಕಂಡವಳು ನಾನು. ಈಗ ಕೊನೆಯಲ್ಲಿ ಪೇಟಿಯ ಮುಚ್ಚಳ ಇಳಿಯುವ ಸದ್ದಿದೆ. ಆಮೇಲೆ ಅದರ ಚಿಲಕ... ಎಡಗಡೆಯದು, ಬಲಗಡೆಯದು.