ತರಕಾರಿ ಗಾಡಿಯ ಚಿತ್ರದ ಪಾಸ್‌ವರ್ಡ್

ಹೆಸರು: ಸರಳಾ, ಗಂಡ ಚಂದ್ರಮೋಹನ. ವಯಸ್ಸು: 49 ವರ್ಷ. ಕಸುಬು: ಗೃಹಿಣಿ. ವಾಸ: ಸರ್ಕಾರಿ ಕ್ವಾರ್ಟರ್ಸ್, ಆರ್.ಕೆ.ಪುರಂ, ನವದೆಹಲಿ. ಸ್ವಂತ ಊರು: ಹಾಸನ.

ನಾನು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಯಜಮಾನರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ನಾವು ಹೇಳುವುದೆಲ್ಲ ಅವರಿಗೆ ತಿಳಿಯುತ್ತದೆ. ಅಕ್ಷರ, ಅಂಕಿ ಮಾತ್ರ ಕಲಸಿಹೋಗುತ್ತವೆ. ಟ್ಯಾಬಿನಲ್ಲಿ ಅವರು ಒಂದು ಚಿತ್ರ ಮುಟ್ಟಿದರೆ ಅದು ಅವರ ಪರವಾಗಿ ಕನ್ನಡದಲ್ಲಿ ಮಾತಾಡುತ್ತದೆ. ಆ ದನಿ ನಮ್ಮ ಮಗಳು ಹಂಸಾಳದು. ಒಂದೊಂದು ಮಾತನ್ನೂ ಅವಳೇ ಕೂತು ರೆಕಾರ್ಡ್ ಮಾಡಿದ್ದಾಳೆ.

ಅಕ್ಷರದ ಪಾಸ್‌ವರ್ಡ್ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ಮಾತಿನ ತರಬೇತಿ ಕೊಡುವ ಸುಪ್ರೀತಾ ಮೇಡಂ ಚಿತ್ರದ ಪಾಸ್‌ವರ್ಡ್ ಹಾಕಿಸಿದರು. ನಮ್ಮ ಗೇಟಿನ ಬಳಿಯ ತರಕಾರಿ ಗಾಡಿಯ ಫೋಟೊದಲ್ಲಿ ತಾವೇ ಆರಿಸಿದ ಐದು ಜಾಗಗಳನ್ನು ಕ್ರಮವಾಗಿ ಮುಟ್ಟಬೇಕು. ಕಣ್ಣಿಗೆ ಮೊದಲು ಬೀಳುವುದನ್ನು ಆರಿಸಬೇಡಿ, ಯಾರಿಗೂ ತೋರಿಸಬೇಡಿ ಎಂದು ಮೇಡಂ ಹೇಳಿದ್ದರು. ಯಜಮಾನರು ನನಗೂ ತೋರಿಸಿಲ್ಲ. ಕೇಳಿದರೆ ನಗುತ್ತಾರೆ.

ನವೆಂಬರ್ 10ರಂದು ಚಾರ್ಜ್ ಆಗದ ಕಾರಣ ಟ್ಯಾಬನ್ನು ಮಾರ್ಕೆಟ್ಟಿನಲ್ಲಿ ರಜತ್ ಎಂಬುವರ ರಿಪೇರಿ ಅಂಗಡಿಗೆ ಕೊಟ್ಟೆ. ಪರಿಚಯದವರೆಂದು ರಸೀದಿ ಕೇಳಲಿಲ್ಲ. ಎರಡು ಸಲ ಹೋದಾಗಲೂ ನಾಳೆ ಬನ್ನಿ ಎಂದರು. ಮನೆಯಲ್ಲಿ ಯಜಮಾನರು ಏನು ಬೇಕೆಂದು ತಿಳಿಸಲಾಗದೆ ನಿನ್ನೆ ಊಟದ ತಟ್ಟೆ ಸರಿಸಿ ಎದ್ದರು.

ಇಂದು ಬೆಳಿಗ್ಗೆ 11 ಗಂಟೆಗೆ ಹೋದಾಗ, ನಾನು ಏನನ್ನೂ ಕೊಟ್ಟೇ ಇಲ್ಲವೆಂದು ರಜತ್ ಹೇಳಿದರು. ಟ್ಯಾಬ್ ಚಾರ್ಜ್ ಆಗಿ, ಪರದೆ ಬೆಳಗಿಕೊಂಡು ಅವರ ಕೌಂಟರಿನ ಮೇಲೆಯೇ ಇತ್ತು. ತೋರಿಸಿ ಕೇಳಿದ್ದಕ್ಕೆ, ಅದು ತಾನು ಸೆಕೆಂಡ್ ಹ್ಯಾಂಡ್ ಕೊಂಡದ್ದು, ಫಾರ್ಮ್ಯಾಟ್ ಮಾಡಿ ಮಾರುತ್ತೇನೆ ಎಂದರು. ಹಾಗೆ ಮಾಡಿದರೆ ಯಜಮಾನರ ಮಾತೆಲ್ಲ ಅಳಿಸಿಹೋಗುತ್ತದೆ. ನಾನು ಟ್ಯಾಬಿನ ಮೇಲೆ ಕೈ ಊರಿ, ಇನ್ನೊಂದು ಕೈಯಿಂದ 112ಕ್ಕೆ ಫೋನ್ ಮಾಡಿದೆ. "ಆಂಟೀಜಿ, ತಮಾಷಾ ಮತ್ ಕರೋ", ಅಂದರೆ ರಂಪ ಮಾಡಬೇಡಿ, ಎಂದು ಅವರು ಕೂಗಾಡಿದರು. ಪೊಲೀಸರು ಬರುವವರೆಗೂ ಕೈ ತೆಗೆಯಲಿಲ್ಲ.

ಠಾಣೆಯಲ್ಲಿ ಎಎಸ್‌ಐ ಸುಮಿತ್ರಾ ಅವರು ಟ್ಯಾಬ್ ತೆರೆದು ತೋರಿಸಲು ಹೇಳಿದಾಗ ರಜತ್ ಪಾಸ್‌ವರ್ಡ್ ಮರೆತಿದೆ ಎಂದರು. ಯಾರೋ ತಪ್ಪುತಪ್ಪಾಗಿ ಮುಟ್ಟಿ ನೋಡಿದ್ದರಿಂದ ಇನ್ನು ಒಂದೇ ಅವಕಾಶ ಉಳಿದಿದೆ, ಅದೂ ತಪ್ಪಿದರೆ ಎಲ್ಲ ಅಳಿಸಿಹೋಗುತ್ತದೆ ಎಂದು ಪರದೆಯ ಮೇಲೆ ಬಂದಿತ್ತು. ನನಗೆ ಗೊತ್ತಿಲ್ಲ, ಗೊತ್ತಿರುವವರನ್ನು ಕರೆಸುತ್ತೇನೆ ಎಂದೆ. ಹಂಸಾ ಆಟೋದಲ್ಲಿ ಅಪ್ಪನನ್ನು ಕರೆತಂದಳು.

"ಅಮ್ಮಾ, ರಿಸ್ಕ್ ಬೇಡ. ಪಪ್ಪನ ಕೈ ನಡುಗುತ್ತೆ. ಸಬ್ ಡಿಲೀಟ್ ಹೋ ಜಾಯೇಗಾ," ಎಂದು ಅವಳು ಅತ್ತಳು.

"ಅವರಿಗೆ ಗೊತ್ತು. ಕೊಡು," ಎಂದೆ.

ಯಜಮಾನರು ನಮಗೆಲ್ಲ ಆ ಕಡೆ ತಿರುಗಲು ಸನ್ನೆ ಮಾಡಿದರು. ಎಎಸ್‌ಐ ಅವರೂ ತಿರುಗಿದರು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಹಂಸಾಳ ದನಿ ಕೇಳಿಸಿತು: "ಇದು ನನ್ನದು." ಹಂಸಾ ನನ್ನ ಪಕ್ಕದಲ್ಲಿ ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದಳು.

ರಜತ್ ಹೊಸ ಟ್ಯಾಬ್ ಕೊಡಿಸುತ್ತೇನೆ, ರಾಜಿಯಾಗೋಣ ಎಂದರು. ನಾನು ಒಪ್ಪಲಿಲ್ಲ. ದೂರು ಯಾರ ಹೆಸರಿನಲ್ಲಿ ಎಂದು ಎಎಸ್‌ಐ ಕೇಳಿದರು. ನಾನು ನನ್ನ ಹೆಸರು ಹೇಳುವಷ್ಟರಲ್ಲಿ ಯಜಮಾನರು ಟ್ಯಾಬಿನಲ್ಲಿ ತಮ್ಮ ಫೋಟೊ ಮುಟ್ಟಿದರು. ಅದು "ನಾನು" ಎಂದಿತು. ಆದಕಾರಣ ದೂರುದಾರರು ಅವರೇ. ನಾನು ಸಾಕ್ಷಿ ಮಾತ್ರ.

ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಬಿಟ್ಟು ಬೇರೇನನ್ನೂ ಇದರಲ್ಲಿ ಸೇರಿಸಿಲ್ಲ. ಓದಿಸಿ ಕೇಳಿ, ಸರಿಯಿದೆಯೆಂದು ಸಹಿ ಮಾಡಿದ್ದೇನೆ.

ಸ್ಥಳ: ನವದೆಹಲಿ
ದಿನಾಂಕ: 13-11-2025
ಸಹಿ: ಸರಳಾ