ಅಕ್ಕ ಕೇಳಿ ಪಡೆದ ಅಣಬೆ ಪುಡಿ

ತೀರಿಕೊಂಡ ನಮ್ಮ ಅಕ್ಕನ ನೆನಪಿಗೆ ಇಲ್ಲಿ ಸೇರಿರುವ ಹಿರಿಯರೇ, ಅಣಬೆ ಬೆಳೆಗಾರರೇ, ನಮ್ಮ ಪುಡಿಯನ್ನು ನಂಬಿದ ಗ್ರಾಹಕರೇ, ಮುಂದಿನ ಸಾಲಿನಲ್ಲಿರುವ ಅಕ್ಕನ ಯಜಮಾನರೇ, ಮಗಳೇ — ಎಲ್ಲರಿಗೂ ನಮಸ್ಕಾರ.

ಒಡಹುಟ್ಟಿದವರಲ್ಲ, ಆದರೂ ನನಗೆ ಅಕ್ಕನೇ. ಪುಡಿ ಮಾಡುವ ಕೆಲಸ ನನ್ನದು, ಪರೀಕ್ಷೆ ಅಕ್ಕನದು. ಹದಿನಾರು ವರ್ಷ ಒಂದೇ ಪ್ರಯೋಗಾಲಯ, ಒಂದೇ ಮೇಜು. ಮರದ ಹೊಟ್ಟಿನ ಚೀಲಗಳಲ್ಲಿ ಬೆಳೆಸಿದ ಔಷಧೀಯ ಅಣಬೆಯ ಸಾರವನ್ನು ಅವರು ನೇರಳೆ ದ್ರಾವಣಕ್ಕೆ ಹೀಗೆ — ಹನಿಹನಿಯಾಗಿ — ಬಿಡುತ್ತಿದ್ದರು. ಅರ್ಧ ಗಂಟೆಯಲ್ಲಿ ನೇರಳೆ ಹೋಗಿ ಹಳದಿ. ಉತ್ಕರ್ಷಣ ನಿರೋಧಕ ಗುಣ, ಅಂದರೆ ಆಂಟಿಆಕ್ಸಿಡೆಂಟ್ ಗುಣ, ಇದೆ ಎನ್ನುವುದಕ್ಕೆ ಅದೇ ಗುರುತು.

ಒಮ್ಮೆ ಅದನ್ನು ನೋಡಿದ ಹಿರಿಯರೊಬ್ಬರು, "ಅಮ್ಮಾ, ಹಾಗಾದ್ರೆ ಆಸ್ಪತ್ರೆ ಮಾತ್ರೆ ಬಿಡ್ಬಹುದಾ?" ಎಂದರು.

ಅಕ್ಕ ಗಾಜಿನ ನಳಿಕೆಯನ್ನು ಎತ್ತಿ ಹಿಡಿದರು. "ಕೆಲಸ ಆಗಿದ್ದು ಇದರೊಳಗೆ ರೀ. ನಿಮ್ಮ ಹೊಟ್ಟೆ ಏನು ಗಾಜಿಂದಾ? ಮಾತ್ರೆ ಬಿಟ್ರೆ ಮನೆಗೇ ಬಂದು ಬೈತೀನಿ!"

ಕಳೆದ ವರ್ಷ ಅಕ್ಕನಿಗೇ ಕಾಯಿಲೆ ಬಂತು. ಆಸ್ಪತ್ರೆಯವರು ಮಾತ್ರೆ ಬರೆದುಕೊಟ್ಟರು. ಅದೇ ಹೊತ್ತಿಗೆ ಅಕ್ಕ ತಿಂಗಳಿಗೊಂದು ಡಬ್ಬಿ ಪುಡಿ ಕೇಳತೊಡಗಿದರು. "ನನಗಲ್ಲ ಕಣೋ, ನಮ್ಮ ಅತ್ತಿಗೆಗೆ." ಅತ್ತಿಗೆ ಹೇಗಿದ್ದಾರೆ ಎಂದರೆ, "ಸ್ವಲ್ಪ ಪರವಾಗಿಲ್ಲ" ಎನ್ನುತ್ತಿದ್ದರು. ನಾನು — ಒಂದು ಚಮಚ ಹೆಚ್ಚೇ ತುಂಬಿಸಿ ಕೊಟ್ಟೆ.

ಮೊನ್ನೆ ಅಕ್ಕನ ಮಗಳು ನನ್ನನ್ನು ಮನೆಗೆ ಕರೆದು ಬಟ್ಟೆಯ ಕಪಾಟು ತೆರೆದಳು. ಹೊದಿಕೆಗಳ ಹಿಂದೆ ಏಳು ತಿಂಗಳ ಮಾತ್ರೆ. ಒಂದು ಪೊಟ್ಟಣವನ್ನೂ ಒಡೆದಿರಲಿಲ್ಲ. ಪಕ್ಕದಲ್ಲಿ ನನ್ನ ಡಬ್ಬಿಗಳು, ತಳ ಕೆರೆದು ಖಾಲಿ.

"ಇವು ನಿಮ್ಮ ಅತ್ತೆಗೆ ಕೊಟ್ಟಿದ್ದಲ್ವಾ?" ಎಂದೆ.

"ಯಾವ ಅತ್ತೆ, ಮಾಮಾ? ಅಮ್ಮಂಗೆ ಅಣ್ಣಾನೇ ಇಲ್ವಲ್ಲ, ಅಪ್ಪಂಗೆ ಅಕ್ಕಾನೂ ಇಲ್ಲ."

ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಮಾತ್ರೆ ನುಂಗಿದ್ದರೆ ಅಕ್ಕ ಉಳಿಯುತ್ತಿದ್ದರೇ? ವೈದ್ಯರು ಖಚಿತವಾಗಿ ಹೇಳಲಿಲ್ಲ. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ — ಅಕ್ಕ ನನಗೆ ಮೋಸ ಮಾಡಿದರು. ನನ್ನ ಕೈಯಿಂದಲೇ ಡಬ್ಬಿ ತುಂಬಿಸಿಕೊಂಡು ಮಾಡಿದರು. ಬಂದವರಿಗೆಲ್ಲ ಒಂದು ಹೇಳಿ, ತಾವು ಇನ್ನೊಂದು ನಂಬಿದರು. ಹೆದರಿದ್ದರೇನೋ. ಹೆದರಿದ್ದರೆ ಪಕ್ಕದ ಕುರ್ಚಿಯಲ್ಲಿ ನಾನಿದ್ದೆ, ಹೇಳಬಹುದಿತ್ತು — ಹೇಳಬಹುದಿತ್ತು.

ಕ್ಷಮಿಸಿ.

ಅಷ್ಟು ತಿಳಿದ ಅಕ್ಕನೇ ಹೀಗೆ ಮಾಡಿದರೆಂದ ಮೇಲೆ, ಈ ಸಭೆಯಲ್ಲೂ ಯಾರಾದರೂ ಮಾತ್ರೆ ಬಚ್ಚಿಟ್ಟು ನಮ್ಮ ಪುಡಿ ತಿನ್ನುತ್ತಿರಬಹುದು. ಹೆಸರು ಕೇಳುವುದಿಲ್ಲ, ಬೈಯುವುದೂ ಇಲ್ಲ. ಸಭೆ ಮುಗಿದ ಮೇಲೆ ಬಾಗಿಲ ಬಳಿ ನಿಂತಿರುತ್ತೇನೆ, ಬಂದು ನನ್ನ ಕಿವಿಯಲ್ಲಿ ಹೇಳಿ. ಆಸ್ಪತ್ರೆಗೆ ನಾನೂ ಜೊತೆಗೆ ಬರುತ್ತೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ, ಅಕ್ಕನಿಗಾಗಿ. ಅವರನ್ನು ಕ್ಷಮಿಸಲು ನನಗೆ ಒಂದು ನಿಮಿಷ ಸಾಲದು — ಆದರೂ ನಿಲ್ಲುತ್ತೇನೆ.