ನಡುವಿನ ತೂತು

ಇದು ನಡೆದದ್ದು ನಮ್ಮ ಚಿಕ್ಕಪ್ಪನ ಮಗ ಸುಘೋಷನಿಗೆ, ಎರಡು ಸಾವಿರದ ಮೂರರಲ್ಲಿ. ರಾತ್ರಿ ಹನ್ನೊಂದೂವರೆ. ಮಾಧವರಂ ಡೈರಿ ಹಿಂದಿನ ಪಾಳುಬಾವಿ ದಾಟಿ ಕಾರಿಟ್ಟಿದ್ದ ಶೆಡ್ಡಿಗೆ ಹೊರಟಿದ್ದ... ಜೇಬಲ್ಲಿ ಒಂದು ಸ್ಪ್ಯಾನರ್. ಯಾಕೆ ಅಂತ ಹೇಳೋಕ್ಕೂ ನಾಚಿಕೆ.

ಅವನು ರೇಸ್ ಕಾರಿನ ಮೆಕ್ಯಾನಿಕ್. ಓಡಿಸ್ತಿದ್ದವನು ಅನಿಲ್, ವಡಪಳನಿಯವನು, ಇವನ ಜೀವದ ಗೆಳೆಯ. ತಿರುವಲ್ಲಿ ಕಾರಿನ ಮೂತಿ ತಿರುಗ್ತಿಲ್ಲ ಅಂತ ಅನಿಲನ ಗೋಳು. ಹಿಂದಿನ ಚಕ್ರಗಳ ನಡುವೆ ಒಂದು ಸಲಾಕೆ ಇರತ್ತೆ, ಅದರ ತುದೀಲಿ ಸಾಲಾಗಿ ಮೂರು ತೂತು, ಒಂದಕ್ಕೆ ಬೋಲ್ಟು. ಬೋಲ್ಟು ಒಳಗಿನ ತೂತಿಗೆ ಹೋದಷ್ಟೂ ಹಿಂಭಾಗ ಬಿಗಿ, ಮೂತಿ ಚುರುಕು. ಅತಿಯಾದ್ರೆ ಹಿಂಭಾಗವೇ ಜಾರಿ ಗಿರಕಿ.

"ನಡುವಿನದಕ್ಕೆ ಹಾಕು, ಸಾಕು" ಅಂದ ಅನಿಲ್. ಇವನು ತೀರಾ ಒಳಗಿನದಕ್ಕೆ ಹಾಕಿ, "ನಡುವಿನದೇ" ಅಂದ. ನಿಜ ಹೇಳಿದ್ರೆ ಡ್ರೈವರ್ ಹೆದರಿ ನಿಧಾನ ಮಾಡ್ತಾನಂತೆ. ಮೆಕ್ಯಾನಿಕ್‌ಗಳ ಹಾಳು ಜಾಣತನ! ಮೂರನೇ ತಿರುವಲ್ಲಿ ಕಾರು ಗಿರಕಿ ಹೊಡೆದು ಗೋಡೆಗೆ ಬಡೀತು. ಅನಿಲ್ ಅಲ್ಲೇ ಹೋದ.

ಅವನ ಅಮ್ಮ ಕಲಾವತಿ ಇವನನ್ನ ಕೇಳಿದ್ದು ಒಂದೇ. "ನನ್ನ ಮಗನದೇ ತಪ್ಪಾ?"

"ಹೌದಮ್ಮಾ" ಅಂದ, ಪಾಪಿ.

ಮಾರನೇ ಬೆಳಿಗ್ಗೆ ತನಿಖೆಯವರು ಕಾರು ನೋಡೋಕ್ಕೆ ಬರೋರಿದ್ರು. ಅಷ್ಟರೊಳಗೆ ಬೋಲ್ಟನ್ನ ನಡುವಿನ ತೂತಿಗೆ ತಂದಿಡಬೇಕು. ಅದಕ್ಕೇ ಆ ಸ್ಪ್ಯಾನರ್.

ಬಾವಿ ಹತ್ತಿರ ಬಂದಾಗ ರಾಟೆ ಕಿರ್ರ್... ಅಂತು. ಹಗ್ಗ ಇಲ್ಲ, ಕೊಡ ಇಲ್ಲ. ಕಟ್ಟೆ ಮೇಲೆ ಯಾರೋ ಕೂತಿದ್ರು. ತಲೇಲಿ ಹೆಲ್ಮೆಟ್ಟು.

"ಸುಘೋಷಾ... ಯಾವ ತೂತಿಗೆ ಹಾಕ್ದೆ ಕಣೋ?"

ಆಗಲಾದ್ರೂ ನಿಜ ಹೇಳಬಹುದಿತ್ತಲ್ಲ?

"ನಡುವಿನದಕ್ಕೇ ಕಣೋ..."

ಹೆಲ್ಮೆಟ್ಟು ಕೆಳಗೆ ಬಾಗ್ತು. ಆಮೇಲೆ ಪಿಸುದನಿ. "ಹಾಗಾದ್ರೆ... ತಪ್ಪು ನಂದೇ."

ಇವನು ಹಿಂದೆ ಹಾರಿದ. ಸ್ಪ್ಯಾನರ್ ಜೇಬಿಂದ ಜಾರಿ ಕಟ್ಟೆಗೆ ಬಡಿದು ಬಾವಿಗೆ ಬಿತ್ತು. ಠಣ್... ಬುಳುಕ್. ಓಟ ಕಿತ್ತವನು ಶೆಡ್ಡಿಗೆ ಹೋಗಲೇ ಇಲ್ಲ. ಮನೆಗೆ ಬಂದು ನನ್ನ ಪಕ್ಕ ಚಾಪೆ ಮೇಲೆ ಬಿದ್ದು ಎಲ್ಲ ಹೇಳಿದ.

ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಶೆಡ್ಡಿನ ಬೀಗ ಹಾಕಿದ ಹಾಗೇ ಇತ್ತು. ತನಿಖೆಯವರು ಬಗ್ಗಿ ನೋಡಿ, "ಬೋಲ್ಟು ನಡುವಿನ ತೂತಲ್ಲೇ ಇದೆ. ಡ್ರೈವರ್ ತಪ್ಪು" ಅಂತ ಬರ್ಕೊಂಡ್ರು. ಸುಘೋಷ ಬಾಯಿ ಬಿಡಲಿಲ್ಲ. ಥೂ... ನಾನೂ ಬಿಡಲಿಲ್ಲ.

ಕತೆ ಕಟ್ತಿದ್ದೀನಿ ಅಂತೀರಾ? ಅನ್ನಿ. ಅನಿಲನ ಸೀಟಿನ ಮೇಲೆ ಸುಘೋಷನ ಸ್ಪ್ಯಾನರ್ ಇತ್ತು. ದೇವರಾಣೆ, ಎತ್ತಿಕೊಂಡವನು ನಾನೇ. ಒದ್ದೆಯಾಗಿತ್ತು.